ಎರಡು ಊರಿನ ಕೂಸುಗಳು

ಗದಗಿಗೆ ಹೊರಟಾಗಲೆಲ್ಲ ರೋಹಿಣಿ ಅತ್ತೆಗೆ ಹೇಳುತ್ತಿದ್ದುದು ಒಂದೇ ಮಾತು: "ಬೆಟಗೇರಿಗೆ ಹೋಗಿ ಆಯಿನ್ನ ನೋಡ್ಕೊಂಡು ಬರ್ತೀನ್ರಿ."

ಅದು ಪೂರಾ ಸುಳ್ಳಲ್ಲ. ಲಕ್ಷ್ಮೇಶ್ವರದಲ್ಲಿ ಬಸ್ಸು ಹತ್ತಿ ಗದಗಿನಲ್ಲಿಳಿದು, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ತನ್ನ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಬೆಟಗೇರಿಯಲ್ಲಿ ಆಯಿಯ ಕೈಯ ರೊಟ್ಟಿ ತಿಂದು ಸಂಜೆಯೊಳಗೆ ಮರಳುತ್ತಿದ್ದಳು. ಆಯಿ ಎಂದರೆ ಅವಳ ತಾಯಿಯ ತಾಯಿ, ಬನಶಂಕರೆವ್ವ. ರೋಹಿಣಿಯ ತಂದೆ ತಾಯಿ ಇಬ್ಬರೂ ಏಡ್ಸ್‌ನಿಂದ ತೀರಿಕೊಂಡಾಗ ಅವಳಿಗೆ ಅವರ ಮುಖ ನೆನಪಿಡುವ ವಯಸ್ಸಾಗಿರಲಿಲ್ಲ. ಕೈಮಗ್ಗದ ಮನೆಯಲ್ಲಿ ನೂಲು ಸುತ್ತುತ್ತ ಬನಶಂಕರೆವ್ವ ಮೊಮ್ಮಗಳನ್ನು ಬೆಳೆಸಿದಳು. ಹುಟ್ಟುವಾಗಲೇ ತಾಯಿಯಿಂದ ಬಂದ ಎಚ್‌ಐವಿ ರೋಹಿಣಿಯ ಮೈಯಲ್ಲಿತ್ತು. ದಿನಾ ಗುಳಿಗೆ ನುಂಗುತ್ತಲೇ ಅವಳು ಶಾಲೆ, ಕಾಲೇಜು ಮುಗಿಸಿ ಬೆಟಗೇರಿಯ ಸೀರೆ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿದಳು.

ಆ ಅಂಗಡಿಯ ಫ್ಯಾನು, ಮೋಟಾರು ಕೆಟ್ಟರೆ ರಿಪೇರಿಗೆ ಬರುತ್ತಿದ್ದವನು ಲಕ್ಷ್ಮೇಶ್ವರದ ಮನೋಹರ. ಅವನು ಮದುವೆಯ ಮಾತೆತ್ತಿದ ದಿನ ರೋಹಿಣಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಇನ್ನು ಇವನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು. ಮುಂದಿನ ವಾರ ಅವನು ಬಂದ.

"ಡಾಕ್ಟರನ್ನ ಕೇಳ್ಕೊಂಡು ಬಂದೇನಿ," ಎಂದ. "ದಿನಾ ಗುಳಿಗಿ ತಗೊಂಡು, ರಕ್ತದಾಗ ವೈರಸ್ ಕಾಣದಂಗ ಇದ್ರ ಗಂಡಗ ಹತ್ತೂದಿಲ್ಲಂತ. ಕೂಸಿಗೂ ಹತ್ತದಂಗ ನೋಡ್ಕೋಬಹುದಂತ. ನನಗ ಅಷ್ಟು ಸಾಕು. ನಮ್ಮವ್ವಗ ಮಾತ್ರ ಹೇಳೂದು ಬ್ಯಾಡ."

ಆ ಕೊನೆಯ ಮಾತಿಗೆ ರೋಹಿಣಿ ಒಪ್ಪಿದಳು. ಅದು ಎಷ್ಟು ಭಾರದ ಮಾತೆಂದು ತಿಳಿದದ್ದು ಗಂಡನ ಮನೆಗೆ ಬಂದ ಮೇಲೆ.

ಅತ್ತೆ ಲಕ್ಷ್ಮೀದೇವಿ ಕೆಟ್ಟವಳಲ್ಲ. ಓಣಿಯಲ್ಲಿ ಯಾರಿಗೆ ಹೆರಿಗೆಯಾದರೂ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಅವಳನ್ನೇ ಕರೆಯುತ್ತಿದ್ದರು. ಸೊಸೆಗೆ ತಲೆನೋವೆಂದರೆ ತಾನೇ ಚಹಾ ಮಾಡಿ ತಂದುಕೊಡುತ್ತಿದ್ದಳು. ಆದರೆ ಒಂದು ಸಲ ಶಿರಹಟ್ಟಿಯ ತಂಗಿ ಮಂಜವ್ವನ ಮನೆಗೆ ಹೋಗಿ ಬಂದವಳು ಊಟಕ್ಕೆ ಕೂತಾಗ ಹೇಳಿದಳು: "ಮಂಜವ್ವನ ಮನ್ಯಾಗ ಬಾಡಿಗಿಗಿದ್ದಾಕಿಗೆ ಆ ರೋಗ ಇತ್ತಂತ. ಗೊತ್ತಾದ ದಿನಾನ ಬಿಡಸಿದ್ಲಂತ. ಗ್ವಾಡಿಗೆಲ್ಲ ಸುಣ್ಣ ಹೊಡಸ್ಯಾಳ. ಅಂಥಾವ್ರನ್ನ ಮನ್ಯಾಗ ಹೆಂಗ ಇಟ್ಕೊಳ್ಳೂದು, ನೀನ ಹೇಳು."

ರೋಹಿಣಿ ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟಳು. ಮನೋಹರ ತಲೆ ಎತ್ತದೆ ಊಟ ಮಾಡಿದ. ಅಂದಿನಿಂದ ಗುಳಿಗೆಯಿದ್ದ ಟ್ರಂಕಿನ ಹತ್ತಿರ ಅತ್ತೆ ಸುಳಿದರೂ ರೋಹಿಣಿ ಕೈಗೆಲಸ ಬಿಟ್ಟು ಓಡಿ ಬರತೊಡಗಿದಳು.

ಅವಳ ಈ ಭಯ ಪೂರ್ತಿ ಅರ್ಥವಾಗುತ್ತಿದ್ದುದು ಒಬ್ಬಳಿಗೆ. ಅವಳು ಆಫ್ರಿಕಾದ ಜಾಂಬಿಯಾ ದೇಶದ ಮೊಂಜೆ ಎಂಬ ಊರಿನ ಮುತಿಂತಾ. ಹುಟ್ಟಿನಿಂದ ಎಚ್‌ಐವಿ ಇರುವ ಹಲವು ದೇಶಗಳ ಯುವಕ ಯುವತಿಯರನ್ನು ಒಂದು ಸಂಸ್ಥೆ ಫೋನಿನಲ್ಲೇ ಸಭೆ ಸೇರಿಸಿತ್ತು. ಗದಗಿನ ಆಸ್ಪತ್ರೆಯ ಆಪ್ತಸಮಾಲೋಚಕಿ ನಿಶಾತ ಮೇಡಂ ಒತ್ತಾಯಿಸಿದ್ದರಿಂದ ರೋಹಿಣಿ ಅದರಲ್ಲಿ ಸೇರಿದ್ದಳು. ಅಲ್ಲಿ ಪರಿಚಯವಾದ ಇಬ್ಬರೂ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ದಿನಾ ಮೆಸೇಜು ಕಳಿಸಿಕೊಳ್ಳತೊಡಗಿದರು. ಮುತಿಂತಾಳಿಗೂ ತಂದೆ ತಾಯಿ ಇರಲಿಲ್ಲ. ಅವಳ ಅಜ್ಜಿಯೂ ಗೋವಿನಜೋಳದ ಹೊಲದಲ್ಲಿ ದುಡಿದು ಅವಳನ್ನು ಸಾಕಿದ್ದಳು. ಒಂದು ದಿನ ಅವಳು ತನ್ನ ಗುಳಿಗೆಯ ಡಬ್ಬಿಯ ಫೋಟೊ ಕಳಿಸಿದಳು. ತಯಾರಾದ ದೇಶ ಭಾರತ ಎಂದು ಅದರ ಮೇಲಿತ್ತು. "ನಿಮ್ಮೂರಿನ ಕಡೆಯಿಂದ ಬಂದದ್ದನ್ನೇ ನಾನು ನುಂಗುತ್ತಿದ್ದೇನೆ," ಎಂದು ಬರೆದಿದ್ದಳು. ರೋಹಿಣಿ ಅದನ್ನು ಮನೋಹರನಿಗೆ ತೋರಿಸಿ ನಕ್ಕಿದ್ದಳು.

ಇಬ್ಬರೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಬಸುರಾದರು.

ಎರಡು ಸಾವಿರದ ಇಪ್ಪತ್ತೈದರ ಜನವರಿ ಕೊನೆ, ಚಳಿಗಾಲ. ಗುಳಿಗೆ ತರಲೆಂದು ಗದಗಿಗೆ ಹೊರಟ ಬಸ್ಸು ಮಾಗಡಿ ಕೆರೆಯ ಹತ್ತಿರ ಬಂದಿತ್ತು. ಕೆರೆಯ ತುಂಬ ದೂರದೇಶದ ಬಾತುಗಳು ಇಳಿದಿದ್ದವು. ಆಗ ಮುತಿಂತಾಳ ಮೆಸೇಜು ಬಂತು: "ನಾನು ಔಷಧ ತೆಗೆದುಕೊಳ್ಳುವ ಕ್ಲಿನಿಕ್ಕಿಗೆ ಬೀಗ ಹಾಕಿದ್ದಾರೆ. ಅಮೆರಿಕದಿಂದ ಬರುವ ನೆರವು ನಿಂತಿತಂತೆ. ನರ್ಸುಗಳೂ ಇಲ್ಲ. ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋಗಿದ್ದಾರೆ."

ಬೇರೆ ಆಸ್ಪತ್ರೆಗೆ ಹೋಗು ಎಂದು ರೋಹಿಣಿ ಬರೆದಳು. ಮುತಿಂತಾ ಹೋದಳು. ಅಲ್ಲಿ ಅವಳಂಥವರು ಬೆಳಗಿನಿಂದ ಸಾಲುಗಟ್ಟಿ ನಿಂತಿದ್ದರು. ಆ ಊರಿನವರಿಗೆ ಕೊಡುವುದಕ್ಕೇ ಗುಳಿಗೆ ಸಾಲುತ್ತಿಲ್ಲ ಎಂದು ಅವಳನ್ನು ತಿರುಗಿ ಕಳಿಸಿದರು. ಉಳಿದಿದ್ದ ಗುಳಿಗೆಗಳನ್ನು ಅವಳು ದಿನ ಬಿಟ್ಟು ದಿನ ತೆಗೆದುಕೊಳ್ಳತೊಡಗಿದಳು. ಹಾಗೆ ಮಾಡಬಾರದೆಂದು ಇಬ್ಬರಿಗೂ ಗೊತ್ತಿತ್ತು.

"ನನ್ನವು ಒಂದಿಷ್ಟು ಕಳಸಾಕ ಬರತೈತೇನ್ರಿ?" ರೋಹಿಣಿ ಗಂಡನನ್ನು ಕೇಳಿದಳು.

ಮನೋಹರ ಅವಳ ಪಕ್ಕಕ್ಕೆ ಬಂದು ಕೂತ. "ನಿನ್ನವು ಕಳಿಸಿ ನೀ ಏನ್ ತಗೋತಿ? ಹೊಟ್ಯಾಗ ಕೂಸೈತಿ, ರೋಹಿಣಿ. ಅದೂ ಅಲ್ದ, ಹಂಗ ಟಪಾಲಿನ್ಯಾಗ ಔಷಧ ಕಳಸಾಕ ಬಿಡೂದಿಲ್ಲ."

ಅವನ ಮಾತು ಸರಿಯೆಂದು ಅವಳಿಗೆ ಗೊತ್ತಿತ್ತು. ಆದರೂ ಅಂದಿನಿಂದ ಗುಳಿಗೆ ನುಂಗುವಾಗಲೆಲ್ಲ ಡಬ್ಬಿಯಲ್ಲಿ ಉಳಿದವನ್ನು ಎಣಿಸುತ್ತಿದ್ದಳು. ಇಲ್ಲಿಯೂ ಒಂದು ದಿನ ಹೀಗೆಯೇ ಬಾಗಿಲಿಗೆ ಕಾಗದ ಅಂಟಿಸಿದರೆ? ಅವಳು ನಿಶಾತ ಮೇಡಂ ಅವರನ್ನು ಕೇಳಿಯೂ ಕೇಳಿದಳು. ಇಲ್ಲಿ ಔಷಧ ಕೊಡುವುದು ನಮ್ಮದೇ ಸರ್ಕಾರ, ಹೆದರಬೇಡ ಎಂದು ಅವರು ಧೈರ್ಯ ಹೇಳಿದರು. ಧೈರ್ಯ ಅಂದಿನ ಮಟ್ಟಿಗೆ ಬಂತು, ಮಾರನೆಯ ದಿನ ಹೋಯಿತು. ಫೆಬ್ರುವರಿಯಲ್ಲಿ ಮುತಿಂತಾಳ ಮೆಸೇಜುಗಳು ನಿಂತವು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬ ಪದ್ಧತಿ ರೋಹಿಣಿಯನ್ನು ಕಾಪಾಡಿತು. ಬೆಟಗೇರಿಗೆ ಬಂದಳು. ಮಾರ್ಚಿನಲ್ಲಿ ಹೆಣ್ಣು ಕೂಸು ಹುಟ್ಟಿತು. ದುಂಡಗೆ, ಕಪ್ಪು ಕೂದಲಿನ ಕೂಸು. ಅದಕ್ಕೆ ವೈರಸ್ಸು ಹತ್ತದಂತೆ ದಿನಾ ಸಿರಪ್ ಹಾಕಬೇಕು, ತಾಯಿ ತನ್ನ ಗುಳಿಗೆ ತಪ್ಪಿಸಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು ಎಂದು ಡಾಕ್ಟರು ಹೇಳಿದರು. ಎಲ್ಲವನ್ನೂ ಬಲ್ಲ ಆಯಿ ಬಾಣಂತನ ಮಾಡುತ್ತಿದ್ದುದರಿಂದ ಯಾವುದನ್ನೂ ಮುಚ್ಚಿಡಬೇಕಾಗಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ, ರಕ್ತದ ಹನಿಗಳನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ಮೊದಲಿನ ಸಿರಪ್ ನಿಲ್ಲಿಸಿ, ಬೇರೆ ಸೋಂಕು ತಗಲದಂತೆ ಇನ್ನೊಂದು ಸಿರಪ್ ಕೊಟ್ಟರು. ಫಲಿತಾಂಶ ಬರಲು ಕೆಲವು ವಾರ ಬೇಕು ಎಂದರು.

ಆ ವಾರಗಳಲ್ಲೇ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಸುದ್ದಿ ಮುಟ್ಟಿದ ದಿನವೇ ಲಕ್ಷ್ಮೀದೇವಿ ಒಂದು ಚೀಲ ಹೊತ್ತು ಬೆಟಗೇರಿಗೆ ಬಂದಿಳಿದಳು.

"ಮೊಮ್ಮಗಳಿಗೆ ನೀರ ಹಾಕಾಕ ಮಂದೀನ್ನ ಯಾಕ ಹುಡುಕೂದು? ನಾ ಅದೀನಲ್ಲ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಮಗ್ಗದ ಕೋಣೆ, ಅಡುಗೆಮನೆ, ಒಂದು ಪಡಸಾಲೆ. ಅಷ್ಟು ಚಿಕ್ಕ ಮನೆಯಲ್ಲಿ ಬಚ್ಚಿಡಲು ಜಾಗವಿರಲಿಲ್ಲ. ಒಂದು ದಿನ ಸಿರಪ್ ಹಾಕುವಾಗ ಅತ್ತೆ ನೋಡಿಯೇಬಿಟ್ಟಳು.

"ಏನ್ ಔಷಧ ಅದು?"

"ಶಕ್ತಿಗ್ರಿ. ದವಾಖಾನ್ಯಾಗ ಕೊಟ್ಟಾರ."

"ಇಷ್ಟು ಗುಂಡಗಿರೂ ಕೂಸಿಗೆ ಯಾ ಶಕ್ತಿ ಕಮ್ಮಿ ಆಗೇತಿ?" ಎಂದಳು ಲಕ್ಷ್ಮೀದೇವಿ. ಬಾಟಲಿಯನ್ನು ತಿರುಗಿಸಿ ನೋಡಿದಳು. ಇಂಗ್ಲಿಷ್ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ. ಅದನ್ನು ಇದ್ದಲ್ಲೇ ಇಟ್ಟಳು.

ಮೇ ತಿಂಗಳ ಒಂದು ಬೆಳಿಗ್ಗೆ, ಎಷ್ಟೋ ವಾರಗಳ ಮೇಲೆ ಮುತಿಂತಾಳ ಮೆಸೇಜು ಬಂತು. ಹೆರಿಗೆಗೆ ಮೊದಲು ಅವಳ ಗುಳಿಗೆ ಪೂರ್ತಿ ಮುಗಿದಿದ್ದವು. ಫೋನಿಗೆ ಕರೆನ್ಸಿ ಹಾಕಿಸಲು ಹಣವಿರಲಿಲ್ಲ. ಗಂಡುಕೂಸು ಹುಟ್ಟಿದೆ. ದೂರದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಈಗ ಮತ್ತೆ ಗುಳಿಗೆ ಸಿಗುತ್ತಿದೆ. ಕೂಸಿನ ರಕ್ತ ಪರೀಕ್ಷೆ ಆಯಿತು. "ನನ್ನ ಮಗನಿಗೂ ಬಂದಿದೆ, ರೋಹಿಣಿ. ಹೊಟ್ಟೆಯಲ್ಲಿ ಕೊಟ್ಟೆನೋ, ಹಾಲಿನಲ್ಲಿ ಕೊಟ್ಟೆನೋ ಗೊತ್ತಿಲ್ಲ. ಕೊಟ್ಟವಳು ನಾನೇ."

ಆ ಹೊತ್ತಿಗೆ ರೋಹಿಣಿಯ ಕೂಸು ಅವಳ ಎದೆ ಚೀಪುತ್ತಿತ್ತು. ಅವಳು ಕೂಸನ್ನು ಸರಕ್ಕನೆ ಬಿಡಿಸಿದಳು. ಅದು ಅಳತೊಡಗಿತು. ಅದರ ತುಟಿಯಂಚಿನಲ್ಲಿದ್ದ ಹಾಲಿನ ಹನಿಯನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ತನ್ನ ಗುಳಿಗೆ ಒಂದು ದಿನವೂ ತಪ್ಪಿಲ್ಲ, ರಕ್ತದಲ್ಲಿ ವೈರಸ್ಸು ಕಾಣುತ್ತಿಲ್ಲ, ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಆಗ ಕೆಲಸಕ್ಕೆ ಬರಲಿಲ್ಲ. ತನ್ನ ಮೈಯೇ ಕೂಸಿಗೆ ವಿಷ ಎನಿಸಿತು.

"ಯಾಕ ಬಿಡಿಸಿದಿ? ಕೂಸು ಹಸದೈತಿ," ಎಂದಳು ಲಕ್ಷ್ಮೀದೇವಿ ಅಡುಗೆಮನೆಯಿಂದ ಬಂದು.

"ಹಾಲು ಸರಿಯಾಗಿ ಬರವಲ್ದುರಿ. ಡಬ್ಬಿ ಹಾಲು ತರಸೂಣ."

"ಎದಿ ಮ್ಯಾಲ ಕುಪ್ಪಸ ತೊಯ್ದೈತಿ, ಹಾಲು ಬರವಲ್ದು ಅಂತಿ." ಲಕ್ಷ್ಮೀದೇವಿಯ ದನಿ ಏರಿತು. "ಮನೋಹರಗಿಂತ ಮೊದಲಿನ ಕೂಸಿಗೆ ನನಗ ಜ್ವರ ಬಂದಾವಂತ ಮ್ಯಾಲಿನ ಹಾಲು ಕುಡಿಸಿದ್ರು. ಭೇದಿ ಹತ್ತಿ ಹೋತು ಅದು. ನಾ ಇರೂತನಕ ಈ ಕೂಸಿಗೆ ಮ್ಯಾಲಿನ ಹಾಲು ಮುಟ್ಟಸಾಕ ಬಿಡೂದಿಲ್ಲ."

ಅಂದು ಹಗಲೆಲ್ಲ ರೋಹಿಣಿ ಕೂಸನ್ನು ತೂಗಿದಳು, ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಅತ್ತಿತ್ತ ತಿರುಗಿದಳು. ಅದು ಅತ್ತು ಅತ್ತು ಸುಸ್ತಾದಾಗ ಕಣ್ಣು ಮುಚ್ಚಿಕೊಂಡು ಒಂದಿಷ್ಟು ಕುಡಿಸಿದಳು, ಮತ್ತೆ ಹೆದರಿ ಬಿಡಿಸಿದಳು. ಅತ್ತೆ ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅತ್ತೆ ಇಬ್ಬರಿಗೂ ನೀರು ಹಾಕಿದಳು. ನಿದ್ದೆಗೆಟ್ಟಿದ್ದ ರೋಹಿಣಿ ಹೊರಸಿನ ಮೇಲೆ ಒರಗಿದವಳು ಹಾಗೇ ಕಣ್ಣು ಮುಚ್ಚಿದಳು. ಎಚ್ಚರವಾದಾಗ ತೊಟ್ಟಿಲು ಬರಿದಾಗಿತ್ತು. ಗೋಡೆಯ ಗೂಡಿನಲ್ಲಿದ್ದ ಸಿರಪ್ ಬಾಟಲಿ ಇರಲಿಲ್ಲ.

"ಆಯಿ, ಕೂಸೆಲ್ಲೆ?"

ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಬನಶಂಕರೆವ್ವ ಬಾಗಿಲಲ್ಲಿ ನಿಂತಿದ್ದಳು. "ನಿಮ್ಮತ್ತಿ ದವಾಖಾನಿಗೆ ಒಯ್ದಾಳವ್ವ. 'ತಾಯಿ ಹಾಲು ಕೊಡವಲ್ಲಳು, ಇದೇನ್ ಔಷಧ ಅಂತ ಡಾಕ್ಟರನ್ನ ಕೇಳ್ತೀನಿ' ಅಂದ್ಲು. ನಾ ಬ್ಯಾಡ ಅಂದೆ, ಕೈ ಹಿಡದೆ. ಕೇಳಲಿಲ್ಲ."

ರೋಹಿಣಿ ತಲೆಗೆ ಕಟ್ಟಿದ ಬಟ್ಟೆಯಲ್ಲೇ ಹೊರಗೆ ಓಡಿದಳು. ಓಣಿಯ ಮಗ್ಗಗಳು ಎಂದಿನಂತೆ ಸದ್ದು ಮಾಡುತ್ತಿದ್ದವು. ಸಿಕ್ಕ ಆಟೋ ಹತ್ತಿದಳು. ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಒಂದೇ ಚಿತ್ರ: ಯಾರೋ ಬಾಟಲಿ ಓದಿ ಅತ್ತೆಯ ಮುಖ ನೋಡುತ್ತಾರೆ, ಅತ್ತೆ ಕೂಸನ್ನು ಎತ್ತಿಕೊಂಡು ನೇರವಾಗಿ ಲಕ್ಷ್ಮೇಶ್ವರದ ಬಸ್ಸು ಹತ್ತುತ್ತಾಳೆ, ಸುಣ್ಣ ಹೊಡೆದ ಆ ಶಿರಹಟ್ಟಿಯ ಗೋಡೆ. ಮನೋಹರನಿಗೆ ಫೋನು ಮಾಡಿದಳು. ಅವನು ಎತ್ತಲಿಲ್ಲ.

ಮಕ್ಕಳ ಡಾಕ್ಟರ ಕೋಣೆಯ ಹೊರಗೆ, ಪಾಳಿಯ ಬೆಂಚಿನ ಮೇಲೆ ಲಕ್ಷ್ಮೀದೇವಿ ಕೂತಿದ್ದಳು. ಮಡಿಲಲ್ಲಿ ಕೂಸು ಚೀರುತ್ತಿತ್ತು. ಬಾಟಲಿ ಅವಳ ಮುಷ್ಟಿಯಲ್ಲಿತ್ತು. ಇನ್ನೂ ಒಳಗೆ ಹೋಗಿರಲಿಲ್ಲ. ರೋಹಿಣಿ ಇನ್ನೊಂದು ಸುಳ್ಳು ಹೇಳಿ ಕೂಸನ್ನು ಎತ್ತಿಕೊಂಡು ಹೊರಟುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅಳುವ ಆ ಕೂಸನ್ನು ಸುಳ್ಳು ಹೇಳಿ ಎಲ್ಲಿಗೆ ಒಯ್ಯುವುದು?

"ಅತ್ತಿ, ಒಂದೀಟು ಹೊರಗ ಬರ್ರಿ. ಡಾಕ್ಟರು ಹೇಳೂದನ್ನ ನಾನ ಹೇಳ್ತೀನಿ."

ಆವರಣದ ಬೇವಿನ ಗಿಡದ ಕೆಳಗೆ ಹೋದರು. ರೋಹಿಣಿ ಗಿಡಕ್ಕೆ ಕೈ ಊರಿದಳು.

"ನನಗ ಎಚ್‌ಐವಿ ಐತ್ರಿ. ಹುಟ್ಟಿದಾಗಿಂದ. ನಮ್ಮವ್ವನಿಂದ ಬಂದದ್ದು. ಕೂಸಿಗೆ ಬರಬಾರದಂತ ಮೊದಲಿಂದ ಔಷಧ ನಡದೈತಿ. ಈ ಬಾಟ್ಲಿನೂ ಅದರ ಸಂಬಂಧನ."

ಲಕ್ಷ್ಮೀದೇವಿ ಕೂಸನ್ನು ರೋಹಿಣಿಯ ಕಡೆಗಿದ್ದ ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿದಳು. ಅಷ್ಟೇ. ಆ ಒಂದು ಚಲನೆಗೆ ರೋಹಿಣಿಯ ಕಣ್ಣು ಕತ್ತಲೆಗಟ್ಟಿತು.

"ಮನೋಹರ?" ಎಂದಳು ಅತ್ತೆ.

"ಅವರಿಗಿಲ್ಲರಿ. ತಪ್ಪದ ಟೆಸ್ಟ್ ಮಾಡಸ್ತಾರ."

"ಅವಂಗ ಗೊತ್ತೈತೇನು?"

"ಮದುವಿಗಿಂತ ಮೊದ್ಲ ಗೊತ್ತಿತ್ರಿ."

"ಅಂದ್ರ ಮನ್ಯಾಗ ನನಗೊಬ್ಬಾಕಿಗೆ ಗೊತ್ತಿದ್ದಿಲ್ಲ." ಅವಳ ಮುಖ ಒಮ್ಮೆಲೆ ಮುದಿಯಾದಂತೆ ಕಂಡಿತು. "ಈ ಕೂಸಿಗೆ?"

"ಗೊತ್ತಿಲ್ಲರಿ. ರಕ್ತ ಬೆಂಗಳೂರಿಗೆ ಹೋಗೈತಿ. ಇನ್ನೂ ಬಂದಿಲ್ಲ." ರೋಹಿಣಿ ಅಳುತ್ತಲೇ ಮುತಿಂತಾಳ ವಿಷಯ ಹೇಳಿದಳು. ಔಷಧ ನಿಂತದ್ದು, ಅವಳ ಕೂಸಿಗೆ ರೋಗ ಬಂದದ್ದು, ನಿನ್ನೆಯಿಂದ ತನಗೆ ಹಾಲು ಕುಡಿಸಲು ಕೈ ಬಾರದೆ ಹೋದದ್ದು.

ನಿಶಾತ ಮೇಡಂ ಆ ದಾರಿಯಲ್ಲೇ ಹೊರಟಿದ್ದವರು ರೋಹಿಣಿಯನ್ನು ಕಂಡು ನಿಂತರು. ರೋಹಿಣಿ ತಲೆಯಾಡಿಸಿದಳು, ಹೇಳಿ ಎಂಬಂತೆ. ಮೂವರನ್ನೂ ಅವರು ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಅವರು ಬಿಡಿಸಿ ಹೇಳಲು ಶುರುಮಾಡಿದಾಗ ಲಕ್ಷ್ಮೀದೇವಿ ತಡೆದಳು.

"ಬಾಯಾರ, ನನಗ ಅಷ್ಟೆಲ್ಲ ತಿಳಿಯೂದಿಲ್ಲ. ಹಾಲು ಕುಡಿಸಿದ್ರ ಕೂಸು ಚಲೋ ಇರತೈತೋ, ಕುಡಿಸದಿದ್ರ ಚಲೋ ಇರತೈತೋ, ಅದೊಂದು ಹೇಳ್ರಿ."

"ಕುಡಿಸಿದ್ರ ಚಲೋ," ಎಂದರು ನಿಶಾತ. "ಆಕಿ ಗುಳಿಗಿ ಒಂದೂ ತಪ್ಪಿಸಿಲ್ಲ. ರಕ್ತದಾಗ ವೈರಸ್ ಕಾಣವಲ್ದು. ಭಯ ಏನೇನೂ ಇಲ್ಲ ಅಂತ ನಾ ಹೇಳೂದಿಲ್ಲ, ಆದ್ರ ಭಾಳ ಕಮ್ಮಿ. ಅರ್ಧ ಎದಿಹಾಲು, ಅರ್ಧ ಡಬ್ಬಿ ಹಾಲು ಅಂತ ಮಾಡಿದ್ರ ಅದರಿಂದ ಜಾಸ್ತಿ ತ್ರಾಸು. ಆ ಜಾಂಬಿಯಾದ ಹುಡುಗಿಗೆ ಗುಳಿಗಿ ಸಿಗಲಿಲ್ಲ. ಈಕಿಗೆ ಸಿಕ್ಕಾವ. ಇಬ್ಬರಿಗೂ ಇರೂ ಫರಕು ಅಷ್ಟ."

ಕೂಸಿನ ಅಳು ಈಗ ಕೀರಲಾಗಿತ್ತು. ಲಕ್ಷ್ಮೀದೇವಿ ಅದನ್ನು ನೋಡಿದಳು, ರೋಹಿಣಿಯನ್ನು ನೋಡಿದಳು. ಕೂಸನ್ನು ಮುಂದೆ ಚಾಚಿದಳು.

"ತಗೋ," ಎಂದಳು. "ನನಗ ಅಂಜಿಕಿ ಹೋಗಿಲ್ಲ. ಆದ್ರ ಇದರ ಅಳು ಕೇಳಾಕ ಆಗವಲ್ದು."

ರೋಹಿಣಿ ಕೂಸನ್ನು ಎದೆಗಿಟ್ಟುಕೊಂಡಳು. ಅದು ಗುಟುಕು ಗುಟುಕಾಗಿ ಕುಡಿಯುವ ಸದ್ದು ಆ ಕೋಣೆಯಲ್ಲಿ ಕೇಳಿಸಿತು. ಈ ಸಲ ಅವಳು ಬಿಡಿಸಲಿಲ್ಲ. ಲಕ್ಷ್ಮೀದೇವಿ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತಿದ್ದಳು.

ತಿರುಗಿ ಫೋನು ಮಾಡಿ ವಿಷಯ ತಿಳಿದ ಮನೋಹರ ಮಧ್ಯಾಹ್ನದ ಬಸ್ಸಿಗೆ ಬೆಟಗೇರಿಗೆ ಓಡಿಬಂದ. ತಾಯಿ ಅವನ ಜೊತೆ ಮಾತಾಡಲಿಲ್ಲ. "ಅವ್ವಾ, ನೀ ಹೆದರ್ತಿ ಅಂತ..." ಎಂದು ಅವನು ಶುರುಮಾಡಿದಾಗ, "ಹೆದರೂದು ಬ್ಯಾರೆ, ಹೊರಗಿನಾಕಿ ಆಗೂದು ಬ್ಯಾರೆ," ಎಂದಷ್ಟೇ ಹೇಳಿ ಕೂಸಿನ ಬಟ್ಟೆ ಒಗೆಯಲು ಹೋದಳು. ಅಂದು ತನ್ನ ತಾಟನ್ನು ತಾನೇ ಬೇರೆ ತೊಳೆದಿಟ್ಟಳು. ರೋಹಿಣಿ ಅದನ್ನು ಕಂಡಳು.

ಮುಂದಿನ ದಿನಗಳಲ್ಲಿ ಎರಡು ಭಯಗಳು ಅವಳನ್ನು ಹಿಡಿದಿದ್ದವು. ಒಂದು ಬೆಂಗಳೂರಿನಿಂದ ಬರಬೇಕಾದ ಸುದ್ದಿ. ಇನ್ನೊಂದು ಅತ್ತೆಯ ಬಾಯಿಂದ ಹೊರಡಬಹುದಾದ ಸುದ್ದಿ. ಒಂದು ಸಂಜೆ ಶಿರಹಟ್ಟಿಯಿಂದ ಮಂಜವ್ವನ ಫೋನು ಬಂತು. ರೋಹಿಣಿ ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಳು.

"ಹೂಂ, ಇಲ್ಲೇ ಅದೇನಿ," ಎನ್ನುತ್ತಿದ್ದಳು ಅತ್ತೆ. ಆಚೆಯಿಂದ ಏನೋ ಕೇಳಿದರು. ಅವಳು ತೊಟ್ಟಿಲ ಕಡೆ ನೋಡಿದಳು. "ಏನಾಗೇತಿ ಅವರಿಗೆ? ಕೂಸು ಚಲೋ ಐತಿ. ಬಾಣಂತಿನೂ ಚಲೋ ಅದಾಳ. ಇಡ್ತೀನಿ, ಒಲಿ ಮ್ಯಾಲ ಹಾಲೈತಿ."

ಒಲೆಯ ಮೇಲೆ ಹಾಲಿರಲಿಲ್ಲ. ಒಲೆ ಹಚ್ಚಿಯೇ ಇರಲಿಲ್ಲ.

ಫಲಿತಾಂಶ ಬಂದಿದೆ ಎಂದು ನಿಶಾತ ಮೇಡಂ ಫೋನು ಮಾಡಿದಾಗ ಮೂವರೂ ಹೋದರು. ಮನೋಹರ ಕೂಸನ್ನೆತ್ತಿಕೊಂಡಿದ್ದ. ಡಾಕ್ಟರು ಕಾಗದ ನೋಡುವಷ್ಟು ಹೊತ್ತು ರೋಹಿಣಿ ಕೂಸಿನ ಹಿಮ್ಮಡಿಯನ್ನು ಹಿಡಿದುಕೊಂಡೇ ಇದ್ದಳು.

"ಕೂಸಿಗೆ ವೈರಸ್ ಇಲ್ಲ," ಎಂದರು ಡಾಕ್ಟರು. "ಆರು ತಿಂಗಳಾದ ಮೇಲೆ ಮತ್ತೆ ನೋಡಬೇಕು. ಹಾಲು ಬಿಡಿಸಿದ ಮೇಲೂ ನೋಡಬೇಕು. ಅಲ್ಲಿಯವರೆಗೆ ಗುಳಿಗೆ ತಪ್ಪಬಾರದು."

ಲಕ್ಷ್ಮೀದೇವಿ ಅಲ್ಲಿಯೇ ನೆಲದ ಮೇಲೆ ಕುಸಿದು ಕೂತಳು. ಯಾರೂ ನಗಲಿಲ್ಲ. ಮನೋಹರ ಕೂಸಿನ ಹೊಟ್ಟೆಗೆ ಹಣೆಯೊತ್ತಿ ಅತ್ತ.

ಆ ಸುದ್ದಿಯನ್ನು ಮುತಿಂತಾಳಿಗೆ ತಿಳಿಸಲು ರೋಹಿಣಿಗೆ ಕೈ ಬರಲಿಲ್ಲ. ಬರೆಯುವಳು, ಅಳಿಸುವಳು. ಬಚ್ಚಿಡುವುದು ಸಾಕಾಗಿ ಕೊನೆಗೊಂದು ದಿನ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದಳು. ಉತ್ತರ ಬರುವತನಕ ಪಡಸಾಲೆಯ ಕಂಬಕ್ಕೊರಗಿ ಕೂತೇ ಇದ್ದಳು.

"ನಾನು ಅತ್ತುಬಿಟ್ಟೆ," ಎಂದು ಬಂತು ಉತ್ತರ. "ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ ನನಗೇ ಗೊತ್ತಿಲ್ಲ, ಕ್ಷಮಿಸು. ನನ್ನ ಮಗ ಔಷಧ ಕುಡಿಯುತ್ತಿದ್ದಾನೆ. ಎಲ್ಲಿಯವರೆಗೆ ಕೊಡುತ್ತಾರೋ ಯಾರೂ ಹೇಳುತ್ತಿಲ್ಲ. ನಿನ್ನ ಮಗಳ ಫೋಟೊ ಕಳಿಸು."

ರೋಹಿಣಿ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಳು. ಲಕ್ಷ್ಮೀದೇವಿ ಕೇಳಿ ಕೂಸಿನ ಅಂಗಾಲು ನೀವುತ್ತ ಕೂತಳು.

"ಇಲ್ಲೂ ಹಂಗ ಬಂದ್ ಮಾಡಿದ್ರ?" ಎಂದಳು.

"ಮಾಡೂದಿಲ್ಲ ಅಂತಾರ್ರಿ."

"ಅಲ್ಲೂ ಹಂಗ ಅಂದಿರಬೇಕು."

ರೋಹಿಣಿ ಫೋಟೊ ತೆಗೆಯಲು ಫೋನು ಎತ್ತಿದಾಗ ಲಕ್ಷ್ಮೀದೇವಿ ತಡೆದಳು. ಒಳಗೆ ಹೋಗಿ ಕಾಡಿಗೆ ತಂದು ಕೂಸಿನ ಗಲ್ಲಕ್ಕೆ ದೊಡ್ಡದಾಗಿ ದೃಷ್ಟಿಬೊಟ್ಟಿಟ್ಟಳು. ಬೆರಳಿಗೆ ಉಳಿದಿದ್ದ ಕಾಡಿಗೆಯನ್ನು ನೋಡುತ್ತ, "ಆಕಿಗೂ ಬರಿ," ಎಂದಳು. "ತನ್ನ ಕೂಸಿಗೂ ಒಂದು ಇಡಂತ ಹೇಳು."